ಮಾತು ಹೇಳು, ರೊಟ್ಟಿ ತಗೋ

ನೆನೆದರೆ ಈಗಲೂ ಸಿಟ್ಟು ನೆತ್ತಿಗೇರುತ್ತದೆ. ಶಹಾಪುರದ ಹುಡುಗಿಯರ ಹಾಸ್ಟೆಲಿನಲ್ಲಿದ್ದು ಬ್ಯಾಂಕ್ ಪರೀಕ್ಷೆಗೆ ಓದುತ್ತ, ದಿನಕ್ಕೆ ಹತ್ತು ಕಠಿಣ ಇಂಗ್ಲಿಷ್ ಪದ ಬಾಯಿಪಾಠ ಮಾಡುತ್ತಿದ್ದೆ. ಅಲ್ಲಿ ಅಡುಗೆ ಮಾಡುತ್ತಿದ್ದ ಅಕ್ಕನಿಗೆ ಅದು ಹೇಗೋ ಗೊತ್ತಾಗಿತ್ತು. ತಾಟು ಹಿಡಿದು ನಿಂತರೆ ಸಾಕು, "ಮಾತು ಹೇಳು, ರೊಟ್ಟಿ ತಗೋ" ಅನ್ನುವಳು. ಹೇಳಿದ ಪದವನ್ನು ರೊಟ್ಟಿ ಬಡಿಯುತ್ತ ಎರಡು ಸಲ ಅಂದು, ಅರ್ಥ ಕೇಳಿ, ತನ್ನವರ ಮೇಲೇ ಹೊರಿಸುವಳು: "ಫ್ರೂಗಲ್ ಅಂದ್ರ ನಮ್ಮತ್ತಿ. ಎಣ್ಣಿ ಬಾಟ್ಲಿ ತೋರ್ಸೇ ಒಗ್ಗರಣಿ ಹಾಕ್ತಾಳ."

ಒಂದು ದಿನ ತಪಾಸಣೆಗೆ ಸಾಹೇಬ ಬಂದ. ಅಕ್ಕ ಜೋಳದ ಹಿಟ್ಟಿನ ಪರಾತವನ್ನು ಅವನ ಮೂಗಿನ ಕೆಳಗೇ ಹಿಡಿದಳು. "ಹುಳಾ ಅದಾವ ನೋಡ್ರಿ. ನಿಮ್ಮ ಮನ್ಯಾಗ ಇದನ್ನ ತಿಂತೀರೇನ್ರಿ?"

ಅವನು ಅವಳ ಮುಖ ಕೂಡ ನೋಡಲಿಲ್ಲ. ಪಕ್ಕದ ಗುಮಾಸ್ತನಿಗೆ "ಇನ್ಸೊಲೆಂಟ್ ವುಮನ್" ಅಂದ. ಸೊಕ್ಕಿನ ಹೆಂಗಸಂತೆ! ಹುಳ ತಿನ್ನಿಸುವವನಿಗೆ ಸೊಕ್ಕಿಲ್ಲ, ತೋರಿಸಿದವಳಿಗೆ ಸೊಕ್ಕು. ಅವನಿಗೆ ತಿರುಗಿ ಹೇಳಬೇಕಾದ ಪದಗಳೆಲ್ಲ ನನ್ನ ನೋಟ್‌ಬುಕ್ಕಿನಲ್ಲಿದ್ದವು. ನಾನು ಮಾತ್ರ ತಾಟು ಹಿಡಿದು ಪಕ್ಕಕ್ಕೆ ಸರಿದು ಅವನಿಗೆ ದಾರಿ ಬಿಟ್ಟೆ.

ಜೀಪು ಹೋದ ಮೇಲೆ ಅಕ್ಕ ಕೇಳಿದಳು, "ಏನಂದ್ರು ಯವ್ವಾ, ಸಾಹೇಬ್ರು?"

"ರೊಟ್ಟಿ ಚಲೋ ಅದಾವ ಅಂದ್ರು ಅಕ್ಕಾ."

ಅವಳು ಮತ್ತೊಂದು ರೊಟ್ಟಿ ಬಡಿಯತೊಡಗಿದಳು. "ಇನ್ಸೊಲೆಂಟ್... ಇನ್ಸೊಲೆಂಟ್... ಹ್ವಾದ ವಾರ ನೀನೇ ಕಲಿಸಿದ್ದಿ," ಅಂದಳು.

ಆಮೇಲೆ ನಾನು ಹಾಸ್ಟೆಲ್ ಬಿಡುವ ತನಕ ಒಂದೂ ಮಾತು ಕೇಳದೆ ರೊಟ್ಟಿ ಹಾಕಿದಳು.