ಸೋಮಲಪ್ಪ ಓದದೆ ಬಿಟ್ಟ ನಾಲ್ಕು ಸಾಲು

ಗೋವಾದ ಮಡಗಾಂವ್‌ನ ರೈಲುಹಳಿಯಾಚೆಗಿನ ಕೂಲಿಕಾರರ ವಸ್ತಿಯಲ್ಲಿ ಗಾರೆ ಕೆಲಸದ ಗವಂಡಿ ಸೋಮಲಪ್ಪನೆಂದರೆ ಅರ್ಧ ವಕೀಲ. ಏಳನೇ ಇಯತ್ತೆ ಓದಿ ಬಾಗಲಕೋಟೆ ಕಡೆಯಿಂದ ಬಂದವನು. ದಿನದ ಕೆಲಸ ಮುಗಿಸಿ ಬರುವಾಗ ಸ್ಟೇಷನ್ನಿನಲ್ಲಿ ಹುಬ್ಬಳ್ಳಿಯ ಪತ್ರಿಕೆ ಕೊಂಡು, ಸಕೀನಾಳ ಚಹಾದಂಗಡಿಯ ಹಲಗೆಯ ಮೇಲೆ ಕೂತು ಗಟ್ಟಿಯಾಗಿ ಓದುತ್ತಿದ್ದ. ಹತ್ತಿಪ್ಪತ್ತು ಜನ ಸುತ್ತ ನಿಂತು ಕೇಳುತ್ತಿದ್ದರು. ಇಡೀ ದಿನ ಕೆಲಸ ಮಾಡಿಸುವ ಮುಕಾದಮನ ಬೈಗುಳ ತಿಂದು ಬಂದವನಿಗೆ ಅದೊಂದು ತಾಸು ಮೀಸೆ ತಿರುವುವ ಹೊತ್ತು.

೨೦೦೬ರ ಬೇಸಿಗೆಯಲ್ಲಿ, ಸರ್ಕಾರಿ ಜಾಗದಲ್ಲಿ ಕಟ್ಟಿದ್ದೀರೆಂದು ಮನೆಮನೆಗೂ ನೋಟೀಸು ಬಂತು. ಹದಿನೈದು ದಿನದೊಳಗೆ ಬರೆದು ಉತ್ತರ ಕೊಡಿ, ಇಲ್ಲವಾದರೆ ಮನೆ ತೆರವು. ಅದೇ ವಾರ ಪತ್ರಿಕೆಯಲ್ಲಿ ವಕೀಲರೊಬ್ಬರ ಅಂಕಣವಿತ್ತು. ಬೇರೆಲ್ಲೋ ಬಂದ ಒಂದು ತೀರ್ಪನ್ನು ವಿವರಿಸುತ್ತ, ಬಡವನ ಸೂರನ್ನು ಮನಬಂದಂತೆ ಕೆಡವುವ ಅಧಿಕಾರ ಯಾವ ಸರ್ಕಾರಕ್ಕೂ ಇಲ್ಲವೆಂದು ಅವರು ಬರೆದಿದ್ದರು. ಆ ಸಾಲನ್ನು ಸೋಮಲಪ್ಪ ಎರಡು ಸಲ ಓದಿದ. ಜನ ಚಪ್ಪಾಳೆ ತಟ್ಟಿದರು.

ಕೊನೆಗೆ ಇನ್ನೂ ನಾಲ್ಕು ಸಾಲು ಇದ್ದವು. ಆ ತೀರ್ಪು ನೋಟೀಸೇ ಕೊಡದೆ ಕೆಡವಿದ ಪ್ರಕರಣದ್ದು. ನೋಟೀಸು ತಲುಪಿದವರು ಅವಧಿಯೊಳಗೆ ಉತ್ತರ ಕೊಡದಿದ್ದರೆ ಕೋರ್ಟು ಕೈಹಿಡಿಯುವುದು ಕಷ್ಟ. ಅವನ ಕಣ್ಣು ಅವುಗಳ ಮೇಲೆ ಹಾಯ್ದಿತ್ತು. ಆದರೆ ಅಷ್ಟರಲ್ಲಿ ಹಮಾಲ ಚಮನಸಾಬ ‘ಭಲೇ’ ಎಂದು ಬೆನ್ನು ತಟ್ಟಿದ. ಸೋಮಲಪ್ಪ ಪತ್ರಿಕೆ ಮಡಚಿದ.

“ಅಣ್ಣಾ, ನಾ ಒಂದ್ ಉತ್ತರ ಬರಸಿ ಕೊಡ್ಲೇನ್ರಿ?” ಸಕೀನಾ ಕೇಳಿದಳು. ಗಂಡ ತೀರಿದ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಆ ಅಂಗಡಿಯಿಂದಲೇ ಸಾಕುತ್ತಿದ್ದಳು. ಅಂಗಡಿಯ ಹಿಂದೆಯೇ ಅವಳ ಮನೆ.

“ಯಾಕ ಬೇಕವ್ವಾ? ಕೋರ್ಟೇ ಹೇಳೇತಿ. ಸರ್ಕಾರದ ಕೈಯಾಗ ಏನೂ ಇಲ್ಲ.”

ಹದಿನೆಂಟನೆಯ ದಿನ ಬೆಳಿಗ್ಗೆ ಪೊಲೀಸರ ಜೊತೆ ಜೆಸಿಬಿ ಬಂತು. ಸೋಮಲಪ್ಪ ಆ ಪತ್ರಿಕೆ ಹಿಡಿದು ಅಧಿಕಾರಿಯ ಮುಂದೆ ಓಡಿದ.

“ಯೇ ತೋ ಅಖ್‌ಬಾರ್ ಹೈ. ಜವಾಬ್ ಕಿಸ್‌ನೇ ದಿಯಾ?” ಎಂದ ಅಧಿಕಾರಿ, ಇದು ಬರೀ ಪತ್ರಿಕೆಯೆಂದು ಪಕ್ಕಕ್ಕೆ ಸರಿಸಿ, ಉತ್ತರ ಕೊಟ್ಟವರ ಪಟ್ಟಿ ತೆಗೆದು ಓದಿದ. ಮೂರೇ ಹೆಸರು. ಅವರ ವಿಚಾರಣೆ ಬಾಕಿಯಿದೆ, ಅವರ ಮನೆ ಮುಟ್ಟುವುದಿಲ್ಲವೆಂದ. ಮೂರನೆಯದು ಸೋಮಲಪ್ಪನ ಹೆಂಡತಿ ದ್ರಾಕ್ಷಾಯಿಣಿಯದು.

“ನಾ ಕೆಲಸಕ್ಕ ಹೋಗೋ ಮನಿ ಅಕ್ಕಾರು ಬರದ್ ಕೊಟ್ರರಿ,” ಅವಳು ಮೆಲ್ಲಗೆ ಹೇಳಿದಳು. “ಹೇಳಿದ್ರ ಸಿಟ್ಟಾಗ್ತೀರಿ ಅಂತ ಸುಮ್ಮನಿದ್ದೆ. ನಿಮ್ಮ ಮಾತ್ ಬಿಟ್ಟು ನನ್ನ ಮಾತ್ ಯಾರ್ ಕೇಳ್ತಿದ್ರು?”

ಸಂಜೆಯ ಹೊತ್ತಿಗೆ ಬಯಲಿನಲ್ಲಿ ಮೂರು ಮನೆ ನಿಂತಿದ್ದವು. ತನ್ನ ಬಾಗಿಲಲ್ಲಿ ನಿಲ್ಲಲೂ ಸೋಮಲಪ್ಪನಿಗೆ ಮುಖವಿರಲಿಲ್ಲ. ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದ ಸಕೀನಾಳ ಎದುರು ಹೋಗಿ ಕುಕ್ಕರುಗಾಲಲ್ಲಿ ಕೂತ.

“ತಂಗಿ, ಆ ಪೇಪರಿನ್ಯಾಗ ಇನ್ನೂ ನಾಕ್ ಸಾಲ ಇದ್ದುವು. ಉತ್ತರ ಕೊಡಬೇಕಂತ ಇತ್ತು. ನಾ ನೋಡಿದ್ನಿ. ಓದಲಿಲ್ಲ.”

ಅವಳ ಕೈ ನಿಂತಿತು. “ನೋಡಿದ್ರ್ಯಾ?”

ಅವನು ಹೌದೆಂದು ತಲೆಯಾಡಿಸಿದ.

“ತಿಳೀಲಿಲ್ಲ ಅಂದಿದ್ರ ನಾ ಏನೂ ಅಂತಿರಲಿಲ್ಲ ಅಣ್ಣಾ.”

ನಮ್ಮ ಮನೆಯಲ್ಲೇ ಇರು ಎಂದು ಕೇಳಿಕೊಂಡ. ಅವಳು ಒಪ್ಪಲಿಲ್ಲ, ಮಕ್ಕಳನ್ನು ಕರೆದುಕೊಂಡು ಮ್ಹಾಪಸಾ ಊರಿನಲ್ಲಿದ್ದ ತಮ್ಮನ ಮನೆಗೆ ಹೊರಟುಹೋದಳು. ಉಳಿದವರಿಗೂ ಅವನು ಒಬ್ಬೊಬ್ಬರ ಬಳಿ ಹೋಗಿ ಅದನ್ನೇ ಹೇಳಿದ. ಚಮನಸಾಬ ಕೇಳಿ, ನೆಲಕ್ಕೆ ಉಗುಳಿ, ಎದ್ದು ಹೋದ.

ವಿಚಾರಣೆಯಲ್ಲಿ ಆ ಮೂರು ಮನೆಗೆ ಮಳೆಗಾಲ ಕಳೆಯುವ ತನಕ ಗಡುವು ಸಿಕ್ಕಿತು, ಅಷ್ಟೇ. ತಮ್ಮ ಮನೆ ಬಿದ್ದ ದಿನ ದ್ರಾಕ್ಷಾಯಿಣಿ ಬಿಕ್ಕಿ ಬಿಕ್ಕಿ ಅತ್ತಳು. ಇದೂ ಹೋದರೆ ಎದೆ ಹಗುರಾದೀತೆಂದು ಸೋಮಲಪ್ಪ ಒಳಗೊಳಗೇ ಕಾದಿದ್ದ. ಆಗಲಿಲ್ಲ.

ಅವರೊಂದು ಬಾಡಿಗೆ ಕೋಣೆ ಹಿಡಿದರು. ಮೂರು ವರ್ಷದ ಮೇಲೆ, ಸಕೀನಾ ಹೋಗಿದ್ದ ಮ್ಹಾಪಸಾದಲ್ಲಿ ದೊಡ್ಡ ಕಟ್ಟಡದ ಕೆಲಸವಿದೆಯೆಂದು ಮುಕಾದಮ ಕರೆದ. ಸೊಂಟ ನೋವೆಂದು ಸೋಮಲಪ್ಪ ಹೋಗಲಿಲ್ಲ. ಅವನ ಸೊಂಟಕ್ಕೇನೂ ಆಗಿಲ್ಲವೆಂಬುದು ದ್ರಾಕ್ಷಾಯಿಣಿಗೆ ಗೊತ್ತಿತ್ತು.