ಅತ್ತೆಯ ಕೈ ಕತ್ತರಿಸಿದವರು

ಉಪ್ಪುಸಾರಿನ ಖಾರವನ್ನು ನನ್ನ ಅತ್ತೆ ಇವತ್ತಿಗೂ ಒರಳಿನಲ್ಲೇ ಅರೆಯುತ್ತಾರೆ. ನಾನು ತಂದ ಮಿಕ್ಸಿಗೆ ಟವೆಲ್ ಹೊದಿಸಿ ಮೂಲೆಗೆ ಕೂರಿಸಿದ್ದಾರೆ. ಹೋದ ಅವರೆಕಾಯಿ ಕಾಲದಲ್ಲಿ, ಅರಕಲಗೂಡಿನ ನಮ್ಮ ಅಡುಗೆಮನೆಯಲ್ಲಿ ಅವರು ಖಾರ ಅರೆಯುವಾಗ ಒಂದು ಫೋಟೊ ತೆಗೆದು, ಮಾಡುವ ವಿಧಾನವನ್ನೂ ಬರೆದು ನೆಂಟರ ಗ್ರೂಪಿಗೆ ಹಾಕಿದೆ. ಗುಂಡುಕಲ್ಲು, ಕೆಂಪು ಖಾರ, ಹಸಿರು ಹಚ್ಚೆಯ ಅವರ ಕೈ. ಮೇಲೆ ‘ನಮ್ಮತ್ತೆಯ ಕೈಖಾರ’ ಎಂಬ ಸಾಲು.

“ನಂದು ಅಂತ ಆಕಿದ್ದೀಯೇನವ್ವಾ?” ಎಂದು ಎರಡು ಸಲ ಕೇಳಿದರು. ಮದುವೆಯಾದಾಗಿನಿಂದ ಬೇಯಿಸಿ ಹಾಕಿದ ಹೆಂಗಸು, ಮಾವನವರ ಬಾಯಿಂದ ಬಂದ ಒಂದೇ ಮಾತು “ಉಪ್ಪು ಜಾಸ್ತಿ.” ಅಂಥವರಿಗೆ ಹೆಸರು ಬರಲಿ ಎಂಬ ಆಸೆ ನನಗೂ ಇತ್ತು.

ಮೂರನೆಯ ದಿನ ಹೊಳೆನರಸೀಪುರದಿಂದ ನನ್ನ ನಾದಿನಿ, ಅಂದರೆ ಅತ್ತೆಯ ಸ್ವಂತ ಮಗಳು, ಅದನ್ನೇ ನನಗೆ ಕಳಿಸಿದಳು. ನೆಂಟರ ಗ್ರೂಪನ್ನು ತೆರೆದೂ ನೋಡದೆ, ಗುರುತಿಲ್ಲದವರು ಕಳಿಸಿದ್ದನ್ನು ಮಾತ್ರ ನಂಬುವ ಜಾತಿ ಅವಳು. ಈಗ ಅದು ‘ನಮ್ಮಜ್ಜಿಯ ಕೈಖಾರ’ ಆಗಿತ್ತು. ಹಚ್ಚೆಯ ಮೇಲೆ ಯಾರೋ ಗುಲಾಬಿ ಅಂಟಿಸಿದ್ದರು. “ಅತ್ತಿಗೆ, ನಮ್ಮಮ್ಮ ಮಾಡ್ದಂಗೇ ಐತೆ ನೋಡಿ, ಕಲ್ತ್ಕಳಿ,” ಎಂಬ ಉಪದೇಶ ಬೇರೆ. ಅಯ್ಯೋ ಶಿವನೇ!

ಹಾಸನಕ್ಕೆ ಹೋದ ಖಾರಕ್ಕೆ ಟೊಮೆಟೊ ಬಿತ್ತು, ಹಿನ್ನೆಲೆಗೆ ಕೊಳಲು ಬಂತು. ಜಿನನಾಥಪುರದ ಗೆಳತಿಯೊಬ್ಬಳು ಬೆಳ್ಳುಳ್ಳಿ ತೆಗೆದುಹಾಕಿದ್ದಳು. ಅವರ ಮನೆಯಲ್ಲಿ ತಿನ್ನುವುದಿಲ್ಲ, ಅದನ್ನು ಕ್ಷಮಿಸಿದೆ. ಚನ್ನರಾಯಪಟ್ಟಣ ತಲುಪುವ ಹೊತ್ತಿಗೆ ಅದು ಅಡುಗೆಯೇ ಅಲ್ಲ, ಮಂಡಿನೋವಿಗೆ ರಾಮಬಾಣ! ಹತ್ತು ಜನಕ್ಕೆ ಕಳಿಸಿದರೆ ಶುಭಸುದ್ದಿಯಂತೆ. ಫೋಟೊದಲ್ಲಿ ಕಲ್ಲು ಮತ್ತು ಖಾರ ಅಷ್ಟೇ. ಕೈಯನ್ನು ನೀಟಾಗಿ ಕತ್ತರಿಸಿದ್ದರು.

ಬಂದದ್ದನ್ನೆಲ್ಲ ಅತ್ತೆಗೆ ತೋರಿಸುತ್ತಿದ್ದೆ. ಟೊಮೆಟೊಗೆ ನಕ್ಕರು, ಮಂಡಿನೋವಿಗೂ ನಕ್ಕರು. ಆ ಕೊನೆಯ ಫೋಟೊದಲ್ಲಿ ಮಾತ್ರ ಕನ್ನಡಕ ಹಾಕಿಕೊಂಡು ಹುಡುಕಿದರು. “ನನ್ ಕೈ ಎಲ್ಲೋತವ್ವಾ?”

ನನಗೆ ಮೈಯೆಲ್ಲ ಉರಿದುಹೋಯಿತು. ನಾದಿನಿಗೆ ಫೋನ್ ಮಾಡಿ ಚೆನ್ನಾಗಿ ಉಗಿದೆ. ಚನ್ನರಾಯಪಟ್ಟಣದ ಆ ಗುರುತಿಲ್ಲದ ಪುಣ್ಯಾತ್ಮನಿಗೆ, ಇನ್ನೊಬ್ಬರ ಮನೆಯದನ್ನು ಕತ್ತರಿಸಲು ನಾಚಿಕೆಯಾಗುವುದಿಲ್ಲವೇ ಎಂದು ಉದ್ದಕ್ಕೆ ಬರೆಯತೊಡಗಿದೆ.

“ಅದಿರ್ಲಿ, ನೀನು ತಗ್ದಿದ್ದು ತೋರ್ಸು,” ಎಂದರು ಅತ್ತೆ.

ತೋರಿಸಿದೆ. ಅದರಲ್ಲಿ ಅವರು ಪೂರ್ತಿ ಇದ್ದರು. ಸೆರಗು ಸರಿಮಾಡಿಕೊಂಡು, ಫೋನಿನ ಕಡೆ ನೋಡಿ ನಗುತ್ತಿದ್ದರು. ಹಿಂದೆ ಹೊಗೆ ಹಿಡಿದ ಗೋಡೆ, ಮೈಮೇಲೆ ತೇಪೆಯ ಸೀರೆ. ನೆಂಟರು ಏನೆಂದುಕೊಂಡಾರೋ ಎಂದು, ಗ್ರೂಪಿಗೆ ಹಾಕುವ ಮೊದಲು ಕಲ್ಲು, ಖಾರ, ಕೈಯನ್ನಷ್ಟೇ ಉಳಿಸಿಕೊಂಡು ಮಿಕ್ಕದ್ದನ್ನೆಲ್ಲ ಕತ್ತರಿಸಿ ತೆಗೆದವಳು ನಾನೇ.

ಅತ್ತೆ ಫೋಟೊದಲ್ಲಿನ ತಮ್ಮ ಮುಖದ ಮೇಲೆ ಬೆರಳಿಟ್ಟರು. “ಮಕ ನೀನು ತಗ್ದೆ, ಕೈ ಅವ್ರು ತಗುದ್ರು. ಬೈಸ್ಕಳೋದು ಅವ್ರು ಮಾತ್ರವಾ?”

ಬರೆದದ್ದನ್ನೆಲ್ಲ ಅಳಿಸಿ, ಅದೇ ನೆಂಟರ ಗ್ರೂಪಿಗೆ ಪೂರ್ತಿ ಫೋಟೊ ಹಾಕಿದೆ.

“ಎಲ್ಲೀಗಂಟ ಓಯ್ತವ್ವಾ?” ಎಂದು ಅತ್ತೆ ಆಗಾಗ ಕೇಳುತ್ತಾರೆ. ಇವತ್ತಿನವರೆಗೆ ಒಬ್ಬರೂ ಅದನ್ನು ಎಲ್ಲಿಗೂ ಕಳಿಸಿಲ್ಲ.