ತಣ್ಣೀರಿಗೇ ಹೋದ ಕಲೆ

ಆ ದಿನ ಬುಧವಾರ. ನನ್ನ ಗಂಡ ಟೀ ಕುಡಿದು, ಲೋಟ ಕಿಟಕಿಯ ಮೇಲಿಟ್ಟು ಶೆಡ್ಡಿಗೆ ಹೋದರು. ಶೆಡ್ಡು ಅಂದರೆ ಮನೆಗೇ ಒತ್ತಿಕೊಂಡಿರುವ ತಗಡಿನ ಮಾಡು. ಅಡುಗೆಮನೆಯ ಕಿಟಕಿ ತೆರೆದರೆ ಕಾರಿನ ಮೂತಿಯೇ ಕಾಣುತ್ತದೆ. ಅವರು ಮೆಕ್ಯಾನಿಕ್. ಹಳೇ ಕಾರುಗಳಲ್ಲಿ ಎಣ್ಣೆ ಎಲ್ಲಿ ಸೋರುತ್ತದೆ ಎಂದು ಹುಡುಕುವುದರಲ್ಲಿ ಅವರನ್ನು ಮೀರಿಸಿದವರು ನಮ್ಮ ಸುತ್ತಮುತ್ತ ಇರಲಿಲ್ಲ. ಹೊಗಳುತ್ತಿಲ್ಲ, ಇದ್ದದ್ದು ಹೇಳುತ್ತಿದ್ದೇನೆ. ಮನೆಯ ನಲ್ಲಿ ಆರು ತಿಂಗಳು ತೊಟ್ಟಿಕ್ಕಿದರೂ ಅದನ್ನು ಮುಟ್ಟಲಿಲ್ಲ, ಅದನ್ನೂ ಹೇಳುತ್ತೇನೆ.

ಒಬ್ಬರು ಮೇಷ್ಟ್ರು ಕಾರು ತಂದಿದ್ದರು. ಇಂಜಿನ್ನು ಫಳಫಳ ಹೊಳೆಯುತ್ತಿತ್ತು.

“ತೊಳೆಸ್ಕೊಂಡು ಬಂದ್ರಾ ಮೇಷ್ಟ್ರೇ?”

“ಗಲೀಜಾಗಿತ್ತು. ನಿಮ್ಮ ಕೈ ಯಾಕೆ ಕೊಳೆ ಮಾಡೋದು ಅಂತ.”

“ಈ ಕೈ ನೋಡಿ. ಇದು ಇನ್ನೆಷ್ಟು ಕೊಳೆ ಆಗ್ಬೇಕು? ಕಾಯಿಲೆನ ಮನೇಲಿ ಬಿಟ್ಟು ಡಾಕ್ಟ್ರ ಹತ್ರ ಬಂದ ಹಾಗಾಯ್ತು. ಕಲೆ ಇದ್ದಿದ್ರೆ ಎಲ್ಲಿಂದ ಅಂತ ಅದೇ ಹೇಳ್ತಿತ್ತು.”

ಬಂದವರಿಗೆಲ್ಲ ಅವರು ಹೇಳುತ್ತಿದ್ದದ್ದು ಇದೊಂದೇ. ನಾನು ನೋಡುವ ತನಕ ಒರೆಸಬೇಡಿ.

ಆ ಕಾರಿಗೆ ಬೇರೆ ಕಡೆ ಕೆಳಗಿನ ಎಣ್ಣೆ ತೊಟ್ಟಿಯ ಸಂದಿಗೆ ಹಾಕುವ ಪ್ಯಾಕಿಂಗನ್ನು ಎರಡು ಸಲ ಬದಲಾಯಿಸಿದ್ದರಂತೆ. ಆದರೂ ಸೋರುತ್ತಿತ್ತು.

“ಕೆಳಗೆ ಎಣ್ಣೆ ಕಂಡ್ರೆ ಕೆಳಗಿಂದೇ ತಪ್ಪು ಅಂತಾರೆ. ಎಣ್ಣೆ ಮೇಲಿಂದ ಇಳಿಯುತ್ತಲ್ವಾ?” ಎಂದು ಹೇಳಿ ಕಿಟಕಿಗೆ ಬಂದರು. “ಏ, ನಿನ್ನ ಪೌಡರ್ ಡಬ್ಬಿ ಕೊಡೆ.”

“ಮದ್ವೆಯಾದಾಗಿಂದ ನನ್ನ ಮುಖಕ್ಕಿಂತ ನಿಮ್ಮ ಇಂಜಿನ್‌ಗಳಿಗೇ ಜಾಸ್ತಿ ಖರ್ಚಾಗಿದೆ.”

“ಅವು ಸೋರ್ತವೆ. ನೀನು ಬರೀ ಗುರ್ ಅಂತೀಯ.”

ಮೇಷ್ಟ್ರು ನಗು ತಡೆದುಕೊಂಡು ಟೈರು ನೋಡಿದರು.

ಇಂಜಿನ್ನಿಗೆಲ್ಲ ಪೌಡರು ಉದುರಿಸಿ ಕಾಲು ಗಂಟೆ ಓಡಿಸಿದರು. ಬಿಳಿ ಪೌಡರಿನಲ್ಲಿ ಸಣ್ಣಗೆ ಒಂದು ಕಪ್ಪು ಗೆರೆ ಎದ್ದಿತು. ಮೇಲಿನ ಮುಚ್ಚಳದ ಹಿಂಬದಿಯಲ್ಲಿ ಶುರುವಾಗಿ, ಇಂಜಿನ್ನಿನ ಬೆನ್ನಿನ ಉದ್ದಕ್ಕೂ ಇಳಿದು, ತೊಟ್ಟಿಯ ಅಂಚಿನಲ್ಲಿ ಹನಿಯಾಗುತ್ತಿತ್ತು. ಯಾರೋ ಬೋಲ್ಟುಗಳನ್ನು ಇದ್ದ ಶಕ್ತಿಯೆಲ್ಲ ಹಾಕಿ ಬಿಗಿದಿದ್ದರು. ಪ್ಯಾಕಿಂಗು ಸೀಳಿ, ಮುಚ್ಚಳದ ಅಂಚೇ ಸೊಟ್ಟಗಾಗಿತ್ತು. ಇವರು ಅದನ್ನು ಬಿಚ್ಚಿ, ಮರದ ತುಂಡಿನ ಮೇಲಿಟ್ಟು ಮೆಲ್ಲಗೆ ಕುಟ್ಟಿ ನೇರ ಮಾಡಿದರು. ಹೊಸ ಪ್ಯಾಕಿಂಗು ಕೂರಿಸಿ, ನಡುವಿನಿಂದ ಶುರು ಮಾಡಿ ಒಂದೊಂದೇ ಬೋಲ್ಟನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿದರು.

ಆಗ ಕೆಮ್ಮು ಬಂತು. ಮುಖ ಆಚೆ ತಿರುಗಿಸಿ, ತೋಳಿನಿಂದ ಬಾಯಿ ಒರೆಸಿಕೊಂಡರು. ಆಮೇಲೆ ಕಿಟಕಿಯ ಕಡೆ ನೋಡಿದರು. ನಾನು ಈರುಳ್ಳಿ ಹೆಚ್ಚುತ್ತಿದ್ದೆ.

ಸಂಜೆ ಅಂಗಿ ಒಗೆದೆ. ತೋಳಿನ ಮೇಲೆ ಕೆಂಪು ಕಲೆ. ನಲವತ್ತು ದಿನದಿಂದ ದಿನಾ ಇರುತ್ತಿತ್ತು. ಮೊದಲ ದಿನ ಕೇಳಿದ್ದೆ.

“ಇದೇನ್ರೀ?”

“ಸ್ಟೀರಿಂಗ್ ಎಣ್ಣೆ ಕಣೆ. ಅದು ಕೆಂಪಗಿರುತ್ತೆ, ಮರೆತೋಯ್ತಾ?”

ಮರೆತಿರಲಿಲ್ಲ. ಇಂಜಿನ್ನಿನದು ಕಪ್ಪು, ಸ್ಟೀರಿಂಗಿನದು ಕೆಂಪು ಎಂದು ಅವರೇ ಕಲಿಸಿದ್ದರು. ಪಕ್ಕದ ಮನೆಯವಳ ಮುಂದೆ ಅದನ್ನೇ ಹೇಳಿ ಜಂಬ ಕೊಚ್ಚಿಕೊಂಡಿದ್ದೆ. ಹಾಗಾಗಿ ನಂಬಿದೆ.

ಮೂವತ್ತೊಂದು ವರ್ಷ ಆ ಮನುಷ್ಯನ ಬಟ್ಟೆ ಒಗೆದಿದ್ದೇನೆ. ಎಣ್ಣೆ ಕಲೆ ಸೀಮೆಎಣ್ಣೆ ಹಚ್ಚಿ, ಸೋಪು ಉಜ್ಜಿ, ಬಡಿದರೂ ಪೂರ್ತಿ ಹೋಗುವುದಿಲ್ಲ. ಈ ಕಲೆ ಸೋಪೇ ಇಲ್ಲದೆ ತಣ್ಣೀರಿಗೇ ಹೋಗುತ್ತಿತ್ತು. ಸದ್ಯ, ಇದೊಂದಾದರೂ ಕೈ ನೋಯಿಸುವುದಿಲ್ಲವಲ್ಲ ಎಂದುಕೊಂಡೆ. ಅಷ್ಟೇ ಎಂದುಕೊಂಡದ್ದು. ನಲವತ್ತು ದಿನ ಅದನ್ನೇ ಎಂದುಕೊಂಡೆ.

ಗುರುವಾರ ಬೆಳಿಗ್ಗೆ ಶೆಡ್ಡಿನಲ್ಲಿ ಬಿದ್ದರು. ಬಾಯಿಂದ ಬಂದದ್ದು ನೆಲದ ಮೇಲೆಲ್ಲ ಹರಡಿತ್ತು. ಅದನ್ನು ಎಣ್ಣೆ ಎನ್ನಲು ಯಾರಿಂದಲೂ ಆಗುತ್ತಿರಲಿಲ್ಲ. ಮಧ್ಯಾಹ್ನಕ್ಕೆ ಆಸ್ಪತ್ರೆಯಲ್ಲಿ ಹೋಗಿಬಿಟ್ಟರು.

“ರಕ್ತ ಎಷ್ಟು ದಿನದಿಂದ ಬರ್ತಿತ್ತಮ್ಮ?” ಡಾಕ್ಟರು ಕೇಳಿದರು.

“ನಲವತ್ತು ದಿನದಿಂದ ಒಗೀತಿದ್ದೀನಿ ಸಾರ್.”

ಅವರಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದೆ. ಆಗಲೇ ಬಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದರು.

ಒಂದೊಂದು ದಿನ ನನ್ನ ಗಂಡನ ಮೇಲೇ ಸಿಟ್ಟು ಬರುತ್ತದೆ. ಊರಿಗೆಲ್ಲ ಕಲೆ ಒರೆಸಬೇಡಿ ಎಂದವರು ತಮ್ಮದನ್ನು ನನ್ನ ಕೈಗೇ ಒಗೆಯಲು ಕೊಟ್ಟರು. ಗೊತ್ತಿದ್ದೇ ಕೊಟ್ಟರೋ, ಹೆದರಿ ಕೊಟ್ಟರೋ. ಸಿಟ್ಟು ಇಳಿದ ಮೇಲೆ ಉಳಿಯುವುದು ನಾನು, ಬಕೆಟ್ಟು, ತಣ್ಣೀರು.

ನಮ್ಮದೇ ಹಳೇ ಕಾರು ಶೆಡ್ಡಿನಲ್ಲಿದೆ. ಇಂಜಿನ್ನಿನ ಹಿಂಬದಿಯ ಸೀಲು ಸವೆದು ಎಣ್ಣೆ ಸೋರುತ್ತದೆ. ಗೇರ್‌ಬಾಕ್ಸ್ ಇಳಿಸದೆ ಅದನ್ನು ಬದಲಾಯಿಸಲು ಆಗುವುದಿಲ್ಲ. ಮುಂದಿನ ವಾರ, ಮುಂದಿನ ವಾರ ಎಂದು ಎರಡು ವರ್ಷ ದೂಡಿದ್ದರು. ನನ್ನ ಮೈದುನನೂ ಅದೇ ಕೆಲಸದವನು. ಮೊನ್ನೆ ಬಂದಿದ್ದ.

“ಅತ್ತಿಗೆ, ಒಂದು ದಿನದ ಕೆಲ್ಸ. ಹೊಸ ಸೀಲ್ ಹಾಕ್ಬಿಡ್ತೀನಿ.”

“ಬೇಡ ಕಣಪ್ಪ.”

“ಹೀಗೇ ಸೋರ್ತಾ ಇರ್ಲಾ?”

“ಇರ್ಲಿ. ನಾನು ನೋಡ್ಕೋತೀನಿ.”

ಅವನು ತಲೆ ಕೆರೆದುಕೊಂಡು ಟೀ ಕುಡಿದು ಹೋದ.

ದಿನಾ ಬೆಳಿಗ್ಗೆ ಎದ್ದ ಕೂಡಲೇ ಶೆಡ್ಡಿಗೆ ಹೋಗುತ್ತೇನೆ. ಕಡ್ಡಿ ಎಳೆದು ಎಣ್ಣೆ ಎಷ್ಟಿದೆ ನೋಡಿ, ಕಡಿಮೆಯಿದ್ದರೆ ಹಾಕುತ್ತೇನೆ. ಹನಿ ಬೀಳಲೆಂದು ನಿನ್ನೆ ಕಾರಿನಡಿಗೆ ಇಟ್ಟ ರಟ್ಟು ಎಳೆದು ಬಾಗಿಲ ಬೆಳಕಿಗೆ ಹಿಡಿಯುತ್ತೇನೆ. ಇವತ್ತು ನಾಲ್ಕು ಹನಿ ಇತ್ತು. ಕಪ್ಪು. ಬೆರಳಲ್ಲಿ ಮುಟ್ಟಿ ಮೂಸಿ ನೋಡಿದೆ. ಎಣ್ಣೆಯೇ. ಹೊಸ ರಟ್ಟು ತಳ್ಳಿ, ಇಂಜಿನ್ ಶುರು ಮಾಡಿ ಹತ್ತು ನಿಮಿಷ ಕೂತಿದ್ದು, ಆಮೇಲೆ ಕೈ ತೊಳೆದೆ.